ಸಯಾನ್ 3ಎ ಯಂತ್ರದಲ್ಲಿ ಧ್ವನಿ: ಸೆಕೆಂಡಿಗೆ 8000 ಬೈಟಿನ ಲೆಕ್ಕ

ಲಂಡನ್ನಿನ ಸಯಾನ್ ಕಂಪನಿಯ (ಹೆಸರಿನ ಮುಂದಿರುವ ಪಿ ಅಕ್ಷರ ಬರೆಯುವುದಕ್ಕೆ ಮಾತ್ರ, ಹೇಳುವುದಕ್ಕಲ್ಲ) ಸೀರೀಸ್ 3 ಎಂಬ ಅಂಗೈ ಕಂಪ್ಯೂಟರು ಬಂದದ್ದು 1991ರಲ್ಲಿ. ಅದು ಕಿರ್ ಎನ್ನಬಲ್ಲದು, ಬೀಪ್ ಎನ್ನಬಲ್ಲದು, ಮಾತನ್ನು ಹಿಡಿದಿಡಲಾರದು. 1993ರ ಸೀರೀಸ್ 3ಎ ಹಾಗಲ್ಲ. ಅದರಲ್ಲಿ ಮೈಕ್ ಇದೆ, ಬೆರಳ ತುದಿಯಷ್ಟು ಸ್ಪೀಕರ್ ಇದೆ, ಮಾತನ್ನು ಹಿಡಿದು ಮತ್ತೆ ಹೇಳುವ ರೆಕಾರ್ಡ್ ಎಂಬ ತಂತ್ರಾಂಶ ಯಂತ್ರದ ಅಳಿಯದ ಮೆಮೊರಿಯಾದ ರೋಮ್‌ನಲ್ಲೇ ಕೂತಿದೆ. ಇಷ್ಟೆಲ್ಲವನ್ನು ನಡೆಸುವುದು 7.68 ಮೆಗಾಹರ್ಟ್ಸ್ ವೇಗದ ವಿ30ಹೆಚ್ ಪ್ರೊಸೆಸರ್ ಮತ್ತು ಎರಡು ಎಎ ಸೆಲ್ಲು. ಈ ಯಂತ್ರದಲ್ಲಿ ಹಾಡನ್ನೋ ಮಾತನ್ನೋ ಕೇಳಿಸಲು ಹೊರಟವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದದ್ದು ಒಂದೇ: ಕೆಲಸದ ಮುಕ್ಕಾಲು ಪಾಲು ಮುಗಿಯುವುದು ದೊಡ್ಡ ಕಂಪ್ಯೂಟರಿನಲ್ಲಿ. ಕಡತ ಸಯಾನ್ ಒಳಗೆ ಹೋದ ಮೇಲೆ ವಾಲ್ಯೂಮ್ ಬಿಟ್ಟು ಬೇರೇನೂ ತಿರುಗಿಸಲು ಸಿಗುವುದಿಲ್ಲ.

3ಎ ಓದುವ ಧ್ವನಿಯ ಬಗೆ ಒಂದೇ. ಒಂದೇ ಚಾನೆಲ್, ಸೆಕೆಂಡಿಗೆ 8000 ಸ್ಯಾಂಪಲ್ (ಸದ್ದಿನ ಅಲೆಯ ಎತ್ತರದ ಒಂದೊಂದು ಅಳತೆ), ಪ್ರತಿ ಸ್ಯಾಂಪಲ್ಲಿಗೆ ಎ-ಲಾ ಕ್ರಮದ ಒಂದು ಬೈಟ್. ಕಡತದ ಬಾಲ, ಅಂದರೆ ಹೆಸರಿನ ಕೊನೆಯ ಮೂರಕ್ಷರ, ಡಬ್ಲ್ಯುವಿಇ. ಅಂದರೆ ಒಂದು ನಿಮಿಷಕ್ಕೆ 4,80,000 ಬೈಟ್. 1 ಎಂಬಿಯ ಎಸ್‌ಎಸ್‌ಡಿ ಕಾರ್ಡಿನಲ್ಲಿ (ಈಗಿನ ಎಸ್‌ಎಸ್‌ಡಿ ಅಲ್ಲ, ಸಯಾನ್ ತನ್ನ ಚಪ್ಪಟೆ ಮೆಮೊರಿ ಕಾರ್ಡಿಗೆ ಆಗಲೇ ಇಟ್ಟಿದ್ದ ಹೆಸರು) ಬೇರೇನನ್ನೂ ಇಡದಿದ್ದರೆ 131 ಸೆಕೆಂಡು ಹಿಡಿಸುತ್ತದೆ. ಪಲ್ಲವಿ ಮುಗಿದು ಅನುಪಲ್ಲವಿ ಶುರುವಾಗುವ ಹೊತ್ತಿಗೆ ಕಾರ್ಡು ಭರ್ತಿ. ಆದ್ದರಿಂದ ಈ ಯಂತ್ರವನ್ನು ಹಾಡಿನ ಪೆಟ್ಟಿಗೆ ಎಂದುಕೊಳ್ಳದೆ, ಅಲಾರಂ, ಚಿಕ್ಕ ಸೂಚನೆ, ಪದದ ಉಚ್ಚಾರ, ಅರ್ಧ ನಿಮಿಷದ ತುಣುಕು ಇವಕ್ಕೆ ಇಟ್ಟುಕೊಳ್ಳುವುದು ಜಾಣತನ.

ಎ-ಲಾ ನಮಗೆ ಹೊಸತಲ್ಲ. 1972ರ ಜಿ.711 ಎಂಬ ದೂರವಾಣಿ ಮಾನದಂಡದ ಎರಡು ಕ್ರಮಗಳಲ್ಲಿ ಇದು ಒಂದು. ಅಮೆರಿಕ, ಜಪಾನ್ ಮ್ಯೂ-ಲಾ ಹಿಡಿದವು, ಯುರೋಪ್ ಮತ್ತು ಭಾರತ ಎ-ಲಾ ಹಿಡಿದವು. ನಮ್ಮ ಡಿಜಿಟಲ್ ಎಕ್ಸ್‌ಚೇಂಜುಗಳಲ್ಲಿ ಲ್ಯಾಂಡ್‌ಲೈನಿನ ಮಾತು ಓಡಾಡಿದ್ದು ಇದೇ 8000 ಸ್ಯಾಂಪಲ್, ಇದೇ 8 ಬಿಟ್‌ನಲ್ಲಿ. ಹಾಗಾಗಿ 3ಎ ಹೇಗೆ ಕೇಳಿಸೀತು ಎಂದು ಊಹಿಸಬೇಕಾದರೆ ಟ್ರಂಕ್ ಕಾಲಿನ ದನಿಯನ್ನು ನೆನಪಿಸಿಕೊಂಡು, ಅದರಿಂದ ಇನ್ನಷ್ಟು ತಗ್ಗು ಸ್ವರವನ್ನು ಕಳೆದುಬಿಡಿ.

ಇದರ ಲೆಕ್ಕ ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಮುಂದಿನ ತೀರ್ಮಾನಗಳೆಲ್ಲ ಇದರ ಮೇಲೆಯೇ ನಿಂತಿವೆ. ಬೈಟಿನಲ್ಲಿ ಒಂದು ಬಿಟ್ ಧನವೋ ಋಣವೋ ಹೇಳುತ್ತದೆ, ಮೂರು ಬಿಟ್ ಎಂಟು ವಿಭಾಗಗಳಲ್ಲಿ ಯಾವುದೆಂದು ಹೇಳುತ್ತದೆ, ಉಳಿದ ನಾಲ್ಕು ಬಿಟ್ ಆ ವಿಭಾಗದ 16 ಮೆಟ್ಟಿಲುಗಳಲ್ಲಿ ಯಾವುದೆಂದು ಹೇಳುತ್ತದೆ. ಪೂರ್ಣ ಎತ್ತರ 4096 ಎಂದುಕೊಂಡರೆ ಕೆಳಗಿನ ಎರಡು ವಿಭಾಗಗಳಲ್ಲಿ ಮೆಟ್ಟಿಲಿನ ಎತ್ತರ ಬರೀ 2. ತುತ್ತತುದಿಯ ವಿಭಾಗದಲ್ಲಿ 128. ಸಾಮಾನ್ಯ 8 ಬಿಟ್ ಧ್ವನಿಯಲ್ಲಿ ಎಲ್ಲ ಮೆಟ್ಟಿಲೂ 32. ಈಗ ಪೂರ್ಣ ಎತ್ತರಕ್ಕಿಂತ 40 ಡೆಸಿಬೆಲ್ ಕೆಳಗಿರುವ ಪಿಸುಮಾತು ತಗೊಳ್ಳಿ. ಅದರ ಎತ್ತರ ಸುಮಾರು 41. ಸಾಮಾನ್ಯ 8 ಬಿಟ್‌ನಲ್ಲಿ ಅದಕ್ಕೆ ಸಿಗುವುದು ಒಂದು ಮೆಟ್ಟಿಲು, ಗರಗರ ಬಿಟ್ಟು ಏನೂ ಕೇಳಿಸದು. ಎ-ಲಾದಲ್ಲಿ 20 ಮೆಟ್ಟಿಲು ಸಿಗುತ್ತವೆ. ಮಾತು ಮಾತಾಗಿಯೇ ಉಳಿಯುತ್ತದೆ. ಜೋರು ಸದ್ದಿನಲ್ಲಿ ಮೆಟ್ಟಿಲು ಒರಟಾದರೂ ಆ ಒರಟನ್ನು ಸದ್ದೇ ಮುಚ್ಚಿಹಾಕುತ್ತದೆ.

ಆದರೆ ಎ-ಲಾ ಎಷ್ಟೇ ಜಾಣನಾದರೂ 8000 ಸ್ಯಾಂಪಲ್ಲಿನ ಮೇಲ್ಮಿತಿ 4000 ಹರ್ಟ್ಸ್. ಅದರಾಚೆಯದನ್ನು ಸೋಸದೆ ಹಾಗೇ ಇಳಿಸಿದರೆ, ಮೇಲಿನ ಸ್ವರಗಳು ಕೆಳಕ್ಕೆ ಮಡಚಿಕೊಂಡು ಬಂದು ತಗಡು ಕೆರೆದಂತೆ ಕೇಳಿಸುತ್ತವೆ. 5000 ಹರ್ಟ್ಸಿನ ಸ್ವರ 3000 ಆಗಿ ಬರುತ್ತದೆ. ಪ್ರತಿ ಐದನೇ ಸ್ಯಾಂಪಲ್ ಎತ್ತಿಕೊಂಡು ಉಳಿದದ್ದನ್ನು ಎಸೆಯುವ ಹಳೆಯ ಚಿಕ್ಕ ಪರಿವರ್ತಕಗಳು ಮಾಡುತ್ತಿದ್ದದ್ದು ಇದನ್ನೇ. ಸೋಸಿ ಇಳಿಸಿದರೂ ಒಂದು ನಷ್ಟ ತಪ್ಪದು: ಕನ್ನಡದ ‘ಸ’ದ ಸಿಳ್ಳು ಬಹುಪಾಲು 4000ದ ಮೇಲಿದೆ. ‘ಶ’ದ್ದು ಕೆಳಗಿನಿಂದಲೇ ಶುರುವಾಗುವುದರಿಂದ ಬದುಕಿಕೊಳ್ಳುತ್ತದೆ, ‘ಸ’ ಮಂಕಾಗಿ ಇಂಗ್ಲಿಷಿನ ‘ಫ’ದ ಹತ್ತಿರ ಜಾರುತ್ತದೆ. ಉಚ್ಚಾರ ಕಲಿಸುವ ಕಡತ ಮಾಡುವವರು ಈ ಮಿತಿಯನ್ನು ಒಪ್ಪಿಕೊಂಡೇ ಮಾಡಬೇಕು.

ಕೆಳಗಿನ ತುದಿಯಲ್ಲಿ ಕತ್ತರಿ ಹಿಡಿಯುವುದು ಸ್ಪೀಕರ್. ಇಷ್ಟು ಚಿಕ್ಕ ತಟ್ಟೆ ತಗ್ಗು ಸ್ವರದ ಗಾಳಿಯನ್ನು ತಳ್ಳಲಾರದು. ಮೃದಂಗದ ಬಲಮುಖದ ಚಾಪು ಕೇಳಿಸುತ್ತದೆ, ಎಡಮುಖದ ತೊಪ್ಪಿ ಮಾಯ. ತಂಬೂರಿಯ ಮಂದ್ರ ಷಡ್ಜದ ಮೂಲ ಸ್ವರ ಸ್ಪೀಕರಿನಿಂದ ಹೊರಡುವುದೇ ಇಲ್ಲ, ಆದರೂ ಮೇಲಿನ ಅನುರಣನಗಳಿಂದ ಕಿವಿ ಅದನ್ನು ಕಟ್ಟಿಕೊಳ್ಳುತ್ತದೆ. ಕೊಳಲು, ಪಿಟೀಲು, ಹೆಣ್ಣುದನಿ ಚೆನ್ನಾಗಿ ಬರುತ್ತವೆ. ನಾಗಸ್ವರ ಬೇಕಾದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಬೆಳಗಿನ ಅಲಾರಂಗೆ ಇಟ್ಟವರು ಮನೆಯವರನ್ನು ಕೇಳಿ ಇಡಲಿ.

ಹೊರಡದ ತಗ್ಗು ಸ್ವರವನ್ನು ಕಡತದಲ್ಲಿ ಉಳಿಸಿಕೊಂಡರೆ ಲಾಭವಿಲ್ಲ ಎನ್ನುವುದಷ್ಟೇ ಅಲ್ಲ, ನಷ್ಟವೂ ಇದೆ. 100 ಹರ್ಟ್ಸಿನ ಭಾರಿ ಅಲೆ ಎತ್ತರವನ್ನೆಲ್ಲ ತಾನೇ ತುಂಬಿಕೊಂಡು, ಅದರ ಮೇಲೆ ಸವಾರಿ ಮಾಡುವ ಸೂಕ್ಷ್ಮ ಸ್ವರಗಳನ್ನು ಎ-ಲಾದ ಒರಟು ಮೆಟ್ಟಿಲುಗಳಿಗೆ ಎತ್ತಿಬಿಡುತ್ತದೆ. ಕೇಳಿಸದ ಸ್ವರಕ್ಕಾಗಿ ಕೇಳಿಸುವ ಸ್ವರವನ್ನು ಕೆಡಿಸಿದಂತೆ. ಹಾಗಾಗಿ 300 ಹರ್ಟ್ಸಿನ ಕೆಳಗಿನದನ್ನು ಮುಲಾಜಿಲ್ಲದೆ ಕತ್ತರಿಸಬೇಕು.

ಇದಕ್ಕೆಲ್ಲ ಸಾಕ್ಸ್ ಎಂಬ ಉಚಿತ ತಂತ್ರಾಂಶ ಸಾಕು. ಡಬ್ಲ್ಯುವಿಇ ಬರೆಯುವುದು ಅದಕ್ಕೆ ಗೊತ್ತು. ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಹೇಳುತ್ತೇನೆ, ಟೈಪಿಸುವಾಗ ಇಂಗ್ಲಿಷ್ ಅಕ್ಷರ ಬಳಸಿ. ಮೊದಲು ‘ರಿಮಿಕ್ಸ್ -’ ಕೊಟ್ಟು ಎರಡು ಚಾನೆಲ್ ಸೇರಿಸಿ. ಸೇರಿಸಿದೊಡನೆ ಗಾಯಕರ ದನಿಯೋ ಒಂದು ವಾದ್ಯವೋ ಕಾಣೆಯಾದರೆ ಎರಡು ಚಾನೆಲ್ ಒಂದಕ್ಕೊಂದು ತಿರುಗುಮುರುಗಾಗಿ ರದ್ದಾಗುತ್ತಿವೆ ಎಂದರ್ಥ, ಆಗ ‘ರಿಮಿಕ್ಸ್ 1’ ಎಂದು ಎಡಗಡೆಯದನ್ನು ಮಾತ್ರ ಎತ್ತಿಕೊಳ್ಳಿ. ಆಮೇಲೆ ‘ಹೈಪಾಸ್ 300’. ಒಮ್ಮೆ ಸಾಲದು, ಎರಡು ಸಲ ಬರೆಯಿರಿ, ಇಳಿಜಾರು ಕಡಿದಾಗುತ್ತದೆ. ಮಾತಾದರೆ ‘ಈಕ್ವಲೈಸರ್ 2800 1ಕ್ಯೂ 4’ ಸೇರಿಸಿ. 2800 ಹರ್ಟ್ಸಿನ ಸುತ್ತ 4 ಡೆಸಿಬೆಲ್ ಏರಿದರೆ ವ್ಯಂಜನಗಳು ಎದ್ದು ಕೇಳಿಸುತ್ತವೆ. ಸಂಗೀತಕ್ಕೆ ಇದು ಬೇಡ, ಪಿಟೀಲು ಕೀರಲಾಗುತ್ತದೆ.

ಮುಂದಿನದು ‘ಕಂಪ್ಯಾಂಡ್’. ಫಲ ನಿಂತಿರುವುದೇ ಇದರ ಮೇಲೆ. ಸದ್ದಿನ ಏರಿಳಿತವನ್ನು ಹತ್ತಿರ ತರದಿದ್ದರೆ ಮೆಲುದನಿಯ ಭಾಗ ಸ್ಪೀಕರಿನಲ್ಲಿ ಸತ್ತೇ ಹೋಗುತ್ತದೆ. ಮಾತಿಗೆ ಏರುವ ಕಾಲ 0.02 ಸೆಕೆಂಡು, ಇಳಿಯುವ ಕಾಲ 0.25 ಸೆಕೆಂಡು, ಮೈನಸ್ 60 ಇದ್ದದ್ದು ಮೈನಸ್ 60 ಆಗಿಯೇ ಇರಲಿ, ಮೈನಸ್ 40 ಇದ್ದದ್ದು ಮೈನಸ್ 24ಕ್ಕೆ, ಮೈನಸ್ 20 ಇದ್ದದ್ದು ಮೈನಸ್ 12ಕ್ಕೆ, ಸೊನ್ನೆ ಇದ್ದದ್ದು ಮೈನಸ್ 5ಕ್ಕೆ ಬರಲಿ. ಮೈನಸ್ 60ನ್ನು ಎತ್ತದೆ ಬಿಟ್ಟದ್ದು ಬೇಕೆಂದೇ. ಅದನ್ನೂ ಎತ್ತಿದರೆ ಮಾತಿನ ನಡುವೆ ಫ್ಯಾನಿನ ಸದ್ದು ಉಸಿರಾಡತೊಡಗುತ್ತದೆ. ಸಂಗೀತಕ್ಕೆ ಮೈನಸ್ 40ನ್ನು ಮೈನಸ್ 32ರವರೆಗೆ ಎತ್ತಿದರೆ ಸಾಕು, ಇಳಿಯುವ ಕಾಲವನ್ನು ಒಂದು ಸೆಕೆಂಡಿಗೆ ಹೆಚ್ಚಿಸಿ. ಇಲ್ಲದಿದ್ದರೆ ಪ್ರತಿ ಮೃದಂಗದ ಪೆಟ್ಟಿಗೂ ತಂಬೂರಿ ಮುಳುಗಿ ಏಳುತ್ತದೆ.

ಆಮೇಲೆ ‘ರೇಟ್ 8000’, ಕೊನೆಗೆ ‘ನಾರ್ಮ್ -3’, ಅಂದರೆ ಅತಿ ಜೋರಿನ ತುದಿಯನ್ನು ಮಿತಿಗಿಂತ 3 ಡೆಸಿಬೆಲ್ ಕೆಳಗೆ ಕೂರಿಸುವುದು. ಈ ಅನುಕ್ರಮ ಅದಲುಬದಲಾಗಬಾರದು. ರೇಟ್ ಇಳಿಸುವಾಗಿನ ಸೋಸುವಿಕೆಯಿಂದ ಅಲೆಯ ತುದಿ ಕೆಲವೆಡೆ ಮೊದಲಿಗಿಂತ ಎತ್ತರಕ್ಕೆ ಹೋಗಬಹುದು. ನಾರ್ಮ್ ಮೊದಲೇ ಮಾಡಿಟ್ಟಿದ್ದರೆ ತುದಿ ಕತ್ತರಿಸಿಹೋಗುತ್ತದೆ. 3 ಡೆಸಿಬೆಲ್ ಬಿಡುವು ಸ್ಪೀಕರ್ ಬಿರಿಯದಿರಲಿ ಎಂದು. ಬಿಟ್ ಕಡಿಮೆ ಮಾಡುವಾಗ ಸಾಕ್ಸ್ ತಾನಾಗಿ ಸಣ್ಣ ಗದ್ದಲ ಬೆರೆಸುವುದುಂಟು, ಡಿದರ್ ಎನ್ನುತ್ತಾರೆ. ಎ-ಲಾಗೆ ಅದರಿಂದ ಪ್ರಯೋಜನವಿಲ್ಲ, ದೊಡ್ಡಕ್ಷರದ ‘-ಡಿ’ ಕೊಟ್ಟು ನಿಲ್ಲಿಸಿ. ಹೊರಬರುವ ಕಡತದ ಹೆಸರು ಎಂಟಕ್ಷರ ಮೀರದಿರಲಿ, ಸಯಾನ್ ಡಾಸ್‌ನಂತೆ ಎಂಟು-ಮೂರರ ಹೆಸರನ್ನೇ ಒಪ್ಪುತ್ತದೆ. ಹೀಗೆ ಮಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿದರೆ ತೆಳುವಾಗಿ, ಬಡಕಲಾಗಿ ಕೇಳಿಸುತ್ತದೆ. ಗಾಬರಿಯಾಗಿ ಹಿಂದಕ್ಕೆ ತಿರುಗಿಸಬೇಡಿ, ಹೆಡ್‌ಫೋನಿನಲ್ಲಿ ತುಂಬಿ ಕೇಳಿಸುವುದು 3ಎಯಲ್ಲಿ ಮುಸುಕು ಹಾಕಿಕೊಂಡಂತೆ ಬರುತ್ತದೆ.

ತಲೆಬರಹದ 32 ಬೈಟ್

ಕಡತದ ಮೊದಲ 32 ಬೈಟ್ ತಲೆಬರಹ. ಬೈಟ್ 0ರಿಂದ 15ರವರೆಗೆ ‘ಎಲಾಸೌಂಡ್‌ಫೈಲ್’ ಎಂಬ ಇಂಗ್ಲಿಷ್ ಗುರುತು, ಅದರ ಹಿಂದೆ ಎರಡು ನಕ್ಷತ್ರಚಿಹ್ನೆ, ಒಂದು ಸೊನ್ನೆ ಬೈಟ್. 16 ಮತ್ತು 17ರಲ್ಲಿ ಆವೃತ್ತಿ: 15, 16 ಎಂಬ ಬೆಲೆಗಳು. 18ರಿಂದ 21ರವರೆಗೆ ಸ್ಯಾಂಪಲ್ಲುಗಳ ಸಂಖ್ಯೆ, ದೊಡ್ಡ ಬೈಟ್ ಮುಂದೆ. ಕೈಯಾರೆ ಬರೆಯುವವರು ಎಡವುವುದು ಇಲ್ಲೇ. ವಿ30 ಚಿಕ್ಕ ಬೈಟ್ ಮುಂದಿಡುವ ಜಾತಿಯ ಪ್ರೊಸೆಸರ್ ಆದ್ದರಿಂದ ಹಾಗೇ ಬರೆದುಬಿಡುತ್ತಾರೆ, ಎರಡು ಸೆಕೆಂಡಿನ ಕಡತ ಗಂಟೆಗಟ್ಟಲೆಯದೆಂದು ತೋರುತ್ತದೆ. 16,000 ಸ್ಯಾಂಪಲ್ ಆದರೆ ನಾಲ್ಕು ಬೈಟ್ ಹೀಗಿರಬೇಕು: 0, 0, 62, 128.

22-23ರಲ್ಲಿ ಕಡತ ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದು, ಸೆಕೆಂಡಿನ 32ನೇ ಒಂದು ಭಾಗದ ಅಳತೆಯಲ್ಲಿ. 24-25ರಲ್ಲಿ ಎಷ್ಟು ಸಲ ನುಡಿಸಬೇಕು ಎಂಬುದು. ಉಳಿದ ಆರು ಬೈಟ್ ಸೊನ್ನೆ. ಸಾಕ್ಸ್ ಸುಮ್ಮನಿರುವ ಹೊತ್ತನ್ನು 0, ಸಲವನ್ನು 1 ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಆದರೆ ಜಾಗ ಉಳಿಸುವ ಉಪಾಯ ಇರುವುದು ಈ ನಾಲ್ಕು ಬೈಟಿನಲ್ಲೇ. ಎರಡು ಸೆಕೆಂಡಿನ ಗಂಟೆಯ ಸದ್ದನ್ನು ಒಂದೊಂದು ಸೆಕೆಂಡಿನ ಬಿಡುವಿನೊಂದಿಗೆ ಐದು ಸಲ ಬಾರಿಸಬೇಕು ಎನ್ನಿ. ಹದಿನೈದು ಸೆಕೆಂಡಿನ ಕಡತ ಮಾಡಿದರೆ 1,20,000 ಬೈಟ್ ಮೇಲೆ. ಹೆಕ್ಸ್ ಎಡಿಟರಿನಲ್ಲಿ (ಕಡತದ ಬೈಟುಗಳನ್ನೇ ನೇರವಾಗಿ ತಿದ್ದುವ ತಂತ್ರಾಂಶ) 22-23ಕ್ಕೆ 0, 32 ಎಂದೂ 24-25ಕ್ಕೆ 0, 5 ಎಂದೂ ಬರೆದರೆ 16,032 ಬೈಟಿನಲ್ಲಿ ಮುಗಿಯಿತು.

ಕಡತ ಕೆಟ್ಟಾಗ ಏನು ಕೆಟ್ಟಿದೆ ಎಂದು ಕಿವಿಯಿಂದಲೇ ಹೇಳಬಹುದು. ತೆರೆಯಲೇ ಒಪ್ಪದಿದ್ದರೆ ತಲೆಬರಹವಿಲ್ಲದ ಬರಿಯ ಎ-ಲಾ ಕಡತಕ್ಕೆ ಬಾಲ ಮಾತ್ರ ಬದಲಿಸಿದ್ದೀರಿ. ಮಾತು ಗುರುತು ಸಿಕ್ಕುತ್ತದೆ, ಆದರೆ ಮರಳು ಉಜ್ಜಿದಂತಿದೆ ಎಂದರೆ ಒಳಗಿರುವುದು ಬಹುಶಃ ಮ್ಯೂ-ಲಾ. ಮೌನವಿರಬೇಕಾದ ಕಡೆಯಲ್ಲೂ ಜೋರು ಗದ್ದಲವಿದ್ದರೆ ಬಿಟ್‌ಗಳನ್ನು ಒಂದು ಬಿಟ್ಟು ಒಂದು ತಿರುಗಿಸುವ ಕೊನೆಯ ಹೆಜ್ಜೆ ತಪ್ಪಿಹೋಗಿದೆ. ಎ-ಲಾದಲ್ಲಿ ಪ್ರತಿ ಬೈಟನ್ನೂ 85ರೊಂದಿಗೆ ಎಕ್ಸ್‌-ಆರ್ ಮಾಡುವುದು ನಿಯಮ. ಹಾಗಾಗಿ ಸರಿಯಾದ ಕಡತದಲ್ಲಿ ಮೌನದ ಬೈಟ್ ಸೊನ್ನೆಯಲ್ಲ, 213 ಅಥವಾ 85. ಇನ್ನೊಂದು: ವೇಗ ಬದಲಾಗಿ ಗಂಡುದನಿ ಮಗುವಿನದಾದರೆ 8000 ಅಲ್ಲದ ಸ್ಯಾಂಪಲ್ ದರದಿಂದ ಬರೆದಿದ್ದೀರಿ, ತಲೆಬರಹದಲ್ಲಿ ದರ ನಮೂದಿಸುವ ಜಾಗವೇ ಇಲ್ಲದ್ದರಿಂದ ಯಂತ್ರಕ್ಕೆ ತಿಳಿಯುವ ದಾರಿಯಿಲ್ಲ.

ಸಾಗಿಸುವುದು

3ಎಗೆ ನೇರ ಸೀರಿಯಲ್ ಕಿಂಡಿ ಇಲ್ಲ, 3ಲಿಂಕ್ ಎಂಬ ಪುಟ್ಟ ಡಬ್ಬಿಯಿರುವ ಕೇಬಲ್ ಬೇಕು. ಇತ್ತ ಕಡೆ ಲಿನಕ್ಸ್ ಆದರೆ ಪಿಎಲ್‌ಪಿ-ಟೂಲ್ಸ್ ಎಂಬ ತಂತ್ರಾಂಶ ಸಯಾನಿನ ಹಳೆಯ ಯಂತ್ರಗಳನ್ನೂ ಮಾತಾಡಿಸುತ್ತದೆ. ಎರಡೂ ಕಡೆ ಬಾಡ್ (ಸೆಕೆಂಡಿಗೆ ದಾಟುವ ಬಿಟ್‌ಗಳ ಲೆಕ್ಕ) 19200 ಇಟ್ಟು, ಸಯಾನಿನ ಸಿಸ್ಟಮ್ ಪರದೆಯಲ್ಲಿ ರಿಮೋಟ್ ಲಿಂಕ್ ಹಚ್ಚಿ. ಬೈಟಿಗೆ ಹತ್ತು ಬಿಟ್ ಲೆಕ್ಕದಲ್ಲಿ ಸೆಕೆಂಡಿಗೆ 1920 ಬೈಟ್ ಮೀರುವುದಿಲ್ಲ. ಒಂದು ನಿಮಿಷದ ಧ್ವನಿ ದಾಟಲು ಕನಿಷ್ಠ 250 ಸೆಕೆಂಡು, ಅಂದರೆ ಕೇಳುವ ಹೊತ್ತಿನ ನಾಲ್ಕು ಪಟ್ಟಿಗೂ ಹೆಚ್ಚು. 1998ರ 3ಎಂಎಕ್ಸ್ 115200 ಬಾಡ್‌ವರೆಗೆ ಹೋಗುವುದರಿಂದ ಅದರಲ್ಲಿ ಇದೇ ಕೆಲಸ ಮುಕ್ಕಾಲು ನಿಮಿಷದೊಳಗೆ. ಯುಎಸ್‌ಬಿ-ಸೀರಿಯಲ್ ತಂತಿ ಅಗ್ಗದ ನಕಲಿಯಾದರೆ ಚಿಕ್ಕ ಕಡತ ಹೋಗುತ್ತದೆ, ದೊಡ್ಡದು ನಡುವೆ ನಿಲ್ಲುತ್ತದೆ. ಇಂಥಲ್ಲಿ ಮೊದಲು ಅನುಮಾನಿಸಬೇಕಾದದ್ದು ತಂತಿಯ ಆರ್‌ಟಿಎಸ್-ಸಿಟಿಎಸ್ ಗೆರೆಗಳನ್ನು, ಅಂದರೆ ‘ಕಳಿಸು’, ‘ತಡಿ’ ಎಂದು ಸನ್ನೆ ಮಾಡುವ ಗೆರೆಗಳನ್ನು.

ಕಡತವನ್ನು ಎಂ: ಡ್ರೈವಿನ (ಯಂತ್ರದ ಒಳಗಿನ ಮೆಮೊರಿ), ಅಥವಾ ಕಾರ್ಡಿನ, ಡಬ್ಲ್ಯುವಿಇ ಎಂಬ ಹೆಸರಿನ ಫೋಲ್ಡರಿಗೇ ಹಾಕಬೇಕು. ಬೇರೆಲ್ಲೋ ಇಟ್ಟು ಅಲಾರಂ ಪಟ್ಟಿಯಲ್ಲಿ ಹುಡುಕಿದರೆ ಕಾಣದು. ಪ್ರಯೋಗಗಳನ್ನೆಲ್ಲ ಎಂ: ಮೇಲೆಯೇ ಮಾಡಿ, ಕೊನೆಯ ಕಡತವನ್ನು ಮಾತ್ರ ಫ್ಲ್ಯಾಷ್ ಕಾರ್ಡಿಗೆ ನಕಲಿಸಿ. ಆ ಕಾಲದ ಫ್ಲ್ಯಾಷ್‌ನಲ್ಲಿ ಅಳಿಸಿದ ಕಡತ ಹೆಸರಿಗೆ ಮಾತ್ರ ಹೋಗುತ್ತದೆ, ಅದರ ಜಾಗ ಇಡೀ ಕಾರ್ಡನ್ನು ಫಾರ್ಮ್ಯಾಟ್ ಮಾಡುವವರೆಗೆ ಮರಳಿ ಸಿಗುವುದಿಲ್ಲ. ಒಂದೇ ಹಾಡನ್ನು ನಾಲ್ಕು ಸಲ ತಿದ್ದಿ ಹಾಕಿದರೆ ನಾಲ್ಕು ಹಾಡಿನ ಜಾಗ ಹೋಯಿತು. ಫ್ಲ್ಯಾಷ್‌ಗೆ ಬರೆಯುವುದು, ಲಿಂಕ್ ಹಚ್ಚಿಡುವುದು, ಜೋರಾಗಿ ನುಡಿಸುವುದು ಮೂರೂ ಸೆಲ್ಲು ತಿನ್ನುವ ಕೆಲಸಗಳೇ. ಹೊಸ ಆಲ್ಕಲೈನ್ ಸೆಲ್ಲು ಹಾಕಿ ಅಥವಾ ಅಡಾಪ್ಟರ್ ಸಿಕ್ಕಿಸಿ ಶುರುಮಾಡಿ. ಸೆಲ್ಲು ಬದಲಿಸುವ ಮುಂಚೆ ಸಿಆರ್1620 ಬ್ಯಾಕಪ್ ಬಟನ್ ಸೆಲ್ಲು ಜೀವಂತವಿದೆಯೇ ನೋಡಿಕೊಳ್ಳಿ, ಅದು ಸತ್ತಿದ್ದರೆ ಎಂ: ಡ್ರೈವೇ ಬರಿದು.

1997ರ ಸೀರೀಸ್ 5ಕ್ಕೆ ಬೇರೆ ಕಡತ ಬಗೆ. ಸಾಕ್ಸ್‌ನಲ್ಲಿ ಅದರ ಹೆಸರು ಪಿಆರ್‌ಸಿ. (ಪಾಮ್ ಎಂಬ ಇನ್ನೊಂದು ಅಂಗೈ ಕಂಪ್ಯೂಟರಿನ ತಂತ್ರಾಂಶಗಳ ಬಾಲವೂ ಪಿಆರ್‌ಸಿಯೇ. ಎರಡಕ್ಕೂ ನಂಟಿಲ್ಲ, ಆದರೂ ಎರಡೂ ಯಂತ್ರ ಇಟ್ಟುಕೊಂಡವರ ಫೋಲ್ಡರಿನಲ್ಲಿ ಜಾತ್ರೆಯೇ.) ಅದರಲ್ಲಿ ಅರ್ಧ ಜಾಗ ಹಿಡಿಯುವ ಎಡಿಪಿಸಿಎಂ ಆಯ್ಕೆಯೂ (ಹಿಂದಿನ ಸ್ಯಾಂಪಲ್ಲಿನಿಂದಾದ ವ್ಯತ್ಯಾಸವನ್ನಷ್ಟೇ ಬರೆಯುವ ಕ್ರಮ) ಇದೆ, ಮೋಹಕ್ಕೆ ಬೀಳಬೇಡಿ. ಸೀರೀಸ್ 5ರ ರೆಕಾರ್ಡ್ 800 ಸ್ಯಾಂಪಲ್ಲಿಗಿಂತ ದೊಡ್ಡ ತುಂಡನ್ನು ಒಪ್ಪದ್ದರಿಂದ ಪ್ರತಿ ತುಂಡಿಗೂ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ, ಸೆಕೆಂಡಿಗೆ ಹತ್ತು ಸಲ ಟಕ್ ಟಕ್ ಎನ್ನುತ್ತದೆ. ಎ-ಲಾದಲ್ಲೇ ಇರಿ.

ಪಾಮ್‌ನಲ್ಲಿ

1999ರ ಪಾಮ್ 5 ಮತ್ತು 3ಎಕ್ಸ್ ಯಂತ್ರಗಳದ್ದು ಇನ್ನೂ ಬಡತನ. ಕಾರ್ಯವ್ಯವಸ್ಥೆಗೆ ಬೀಪ್ ಮಾತ್ರ ಗೊತ್ತು. ಸ್ಯಾಂಪಲ್ ನುಡಿಸುವ ಅಧಿಕೃತ ಸೌಲಭ್ಯ 2002ರ ಪಾಮ್ ಓಎಸ್ 5ರವರೆಗೆ ಬರಲಿಲ್ಲ. ಆದರೆ ಒಳಗಿನ ಡ್ರ್ಯಾಗನ್‌ಬಾಲ್ ಇಝಡ್ ಚಿಪ್‌ನಲ್ಲಿ ಪಿಡಬ್ಲ್ಯುಎಂ ಎಂಬ, ಮಿಡಿತದ ಅಗಲ ಬದಲಿಸಿ ಸದ್ದು ಹೊರಡಿಸುವ ಭಾಗವಿದೆ, ಕಾರ್ಯವ್ಯವಸ್ಥೆಯನ್ನು ಬದಿಗಿಟ್ಟು ಅದಕ್ಕೇ ಬೈಟ್ ಉಣಿಸಬಹುದು. ಗಡಿಯಾರ 1,65,80,608 ಹರ್ಟ್ಸ್. ಅದನ್ನು 2ರಿಂದ, ಆಮೇಲೆ 256ರ ಅವಧಿಯಿಂದ ಭಾಗಿಸಿದರೆ 32,384. ಪ್ರತಿ ಸ್ಯಾಂಪಲ್ಲನ್ನು ನಾಲ್ಕು ಸಲ ಹೇಳು ಎಂದರೆ 8096. ಗಮನಿಸಿ, 8000 ಅಲ್ಲ. 8000ದ ಕಡತ ಉಣಿಸಿದರೆ ಶ್ರುತಿ 21 ಸೆಂಟ್‌ನಷ್ಟು (ಅರ್ಧ ಸ್ವರದ ನೂರರಲ್ಲಿ 21 ಪಾಲು) ಏರುತ್ತದೆ. ಮಾತಿಗೆ ಏನೂ ಆಗದು, ತಂಬೂರಿಯ ಜೊತೆ ಹಾಡುವವರಿಗೆ ಸಹಿಸಲಾಗದು. ಸಾಕ್ಸ್‌ನಲ್ಲಿ ‘ರೇಟ್ 8096’ ಎಂದೇ ಕೊಟ್ಟರೆ ತೊಂದರೆ ತೀರಿತು.

ಇಲ್ಲಿ ಎ-ಲಾದಲ್ಲಿಟ್ಟು ಕೋಷ್ಟಕ ನೋಡಿ ಬಿಡಿಸುವುದು ವ್ಯರ್ಥ, ಹೊರಬರುವುದು ಹೇಗೂ ಸಾಮಾನ್ಯ 8 ಬಿಟ್. ಚಿಹ್ನೆಯಿಲ್ಲದ 8 ಬಿಟ್‌ನಲ್ಲೇ ಇಡಿ, ಡಿದರ್ ಇರಲಿ, ಕಂಪ್ಯಾಂಡ್ ಇನ್ನೂ ಬಿಗಿಯಾಗಿರಲಿ. ಮೆಲುದನಿಗೆ ಒಂದೇ ಮೆಟ್ಟಿಲು ಸಿಗುವ ಲೋಕ ಇದು. ಸದ್ದು ಬರುವುದು ಪೀಜೋ ಬಿಲ್ಲೆಯಿಂದಾದ್ದರಿಂದ ಹೈಪಾಸ್ ಅನ್ನು 500ಕ್ಕೆ ಏರಿಸಿದರೂ ಕಳೆದುಕೊಳ್ಳುವುದೇನಿಲ್ಲ. ಪಾಮ್‌ನ ಮೆಮೊರಿಯಲ್ಲಿ ಕಡತವೆಂಬುದಿಲ್ಲ, ಡೇಟಾಬೇಸಿನ ರೆಕಾರ್ಡುಗಳಷ್ಟೇ, ಒಂದೊಂದೂ 64 ಕೆಬಿಗಿಂತ ಸ್ವಲ್ಪ ಕಡಿಮೆ. 32,384 ಬೈಟಿನ, ಅಂದರೆ ಸರಿಯಾಗಿ ನಾಲ್ಕು ಸೆಕೆಂಡಿನ ತುಂಡು ಮಾಡಿಕೊಂಡರೆ ಲೆಕ್ಕ ಸುಲಭ.

ತುಂಡು ತುಂಡಾಗಿ ಕಡಿದು ಕೇಳಿಸಿದರೆ ಕಾರಣ ಹೆಚ್ಚಾಗಿ ಒಂದೇ. ಪಿಡಬ್ಲ್ಯುಎಂನ ಮುಂದಿನ ಸರತಿ ಸಾಲು ಐದು ಬೈಟಿನದು. 8096ರ ದರದಲ್ಲಿ ಅದು 0.62 ಮಿಲಿಸೆಕೆಂಡಿನಲ್ಲಿ ಬರಿದಾಗುತ್ತದೆ. ಅಷ್ಟರೊಳಗೆ ಇಂಟರಪ್ಟ್ (ಪ್ರೊಸೆಸರನ್ನು ನಡುವೆ ಕರೆಯುವ ಸಂಕೇತ) ಬಂದು ತುಂಬಿಸಬೇಕು. ಪರದೆ ಬರೆಯುವುದಕ್ಕೋ ಪೆನ್ ಓದುವುದಕ್ಕೋ ಬೇರೆ ಯಾರಾದರೂ ಇಂಟರಪ್ಟ್ ತಡೆದರೆ ಸಾಲು ಖಾಲಿ, ಚಟ್ ಎಂಬ ಸದ್ದು. ನುಡಿಸುವಾಗ ಪರದೆಯಲ್ಲಿ ಓಡುವ ಪಟ್ಟಿ ತೋರಿಸುವ ಆಸೆ ಬಿಡಿ. ಹಳೆಯ ಪಾಮ್ 3ರ ಮೊದಲ ತಲೆಮಾರಿನ ಡ್ರ್ಯಾಗನ್‌ಬಾಲ್‌ನಲ್ಲಿ ಆ ಐದು ಬೈಟಿನ ಸಾಲೂ ಇಲ್ಲ. ಪ್ರತಿ ಸ್ಯಾಂಪಲ್ಲಿಗೂ ಒಂದು ಇಂಟರಪ್ಟ್, ನಡುವೆ ಸಿಗುವುದು 2048 ಗಡಿಯಾರ ಮಿಡಿತ. ಅಲ್ಲಿ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ, ಬರೀ ಎಣಿಸುವ ಲೂಪಿನಿಂದ ನುಡಿಸುವುದೇ ನೆಮ್ಮದಿ. ಮುಗಿದ ಮೇಲೆ ಪಿಡಬ್ಲ್ಯುಎಂ ರೆಜಿಸ್ಟರುಗಳನ್ನು ಮೊದಲಿದ್ದ ಬೆಲೆಗೆ ಮರಳಿಸಿ ಹೊರಬನ್ನಿ. ಮರೆತರೆ ಮರುದಿನ ಬೆಳಗಿನ ಅಲಾರಂ ಪರದೆಯ ಮೇಲೆ ಬರುತ್ತದೆ, ಸದ್ದು ಮಾತ್ರ ಬರುವುದಿಲ್ಲ.